ವಿಲಾಯತಿ ಟಪಾಲಿನ ಹಡಗಿಗೆ ದುಡ್ಡು ಕಟ್ಟಿದವರು ಯಾರು?

ಪ್ರಶ್ನೆ: ನನ್ನ ಬಳಿ 1850ರ ದಶಕದ ಒಂದು ಲಕೋಟೆ ಇದೆ. ಬೆಂಗಳೂರು ದಂಡಿನಿಂದ ಲಂಡನ್ನಿಗೆ ಹೋದದ್ದು. ಎಡಮೂಲೆಯಲ್ಲಿ ಶಾಯಿಯಿಂದ ‘ವಯಾ ಮಾರ್ಸೇಲ್ಸ್’ ಎಂದು ಬರೆದಿದೆ. ಅಷ್ಟು ದೂರ ಪತ್ರ ಒಯ್ಯುವ ಹಡಗುಗಳನ್ನು ಯಾರು ಗೊತ್ತುಮಾಡುತ್ತಿದ್ದರು? ಪತ್ರಗಳ ಅಂಚೆ ದರದಲ್ಲೇ ಹಡಗು ಓಡುತ್ತಿತ್ತೇ? ಸಾಲದಿದ್ದರೆ ಉಳಿದ ಹಣ ಯಾರ ಕೈಯಿಂದ ಬರುತ್ತಿತ್ತು?

ಉತ್ತರ: ಅಂಚೆ ದರದಲ್ಲಿ ಓಡುತ್ತಿರಲಿಲ್ಲ. ಹತ್ತಿರಕ್ಕೂ ಬರುತ್ತಿರಲಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿದರೆ ಇದು ತಿಳಿಯುತ್ತದೆ.

ಪಿ ಅಂಡ್ ಓ (ಪೆನಿನ್ಸುಲರ್ ಅಂಡ್ ಓರಿಯೆಂಟಲ್) ಎಂಬ ಬ್ರಿಟಿಷ್ ಹಡಗು ಕಂಪನಿಗೆ 1845ರಿಂದ ಜಾರಿಗೆ ಬಂದ ಗುತ್ತಿಗೆಯಲ್ಲಿ ಈಜಿಪ್ಟಿನ ಸೂಯೆಜ್‌ನಿಂದ ಪೂರ್ವದ ಸಮುದ್ರದ ಟಪಾಲಿಗೆ ವರ್ಷಕ್ಕೆ 1,60,000 ಪೌಂಡು ಗೊತ್ತಾಗಿತ್ತು. ಅದರಲ್ಲಿ 1,15,000 ಪೌಂಡು ಸೂಯೆಜ್, ಸಿಲೋನ್, ಮದ್ರಾಸು, ಕಲ್ಕತ್ತಾ ದಾರಿಗೆ. 45,000 ಪೌಂಡು ಸಿಲೋನಿನಿಂದ ಪೆನಾಂಗ್, ಸಿಂಗಪುರ ಮುಟ್ಟಿ ಹಾಂಗ್‌ಕಾಂಗಿಗೆ ಹೋಗುವ ದಾರಿಗೆ. ಎರಡೂ ಕಡೆ ತಿಂಗಳಿಗೊಂದು ಹಡಗು. ಆಗ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನ ದಾರಿಯ ಪತ್ರದ ದರ ಅರ್ಧ ಔನ್ಸಿಗೆ ಒಂದು ಷಿಲಿಂಗ್. ಪೌಂಡಿಗೆ 20 ಷಿಲಿಂಗ್. ಅಂದರೆ ಈ ಒಂದು ತುಂಡಿನ ಗುತ್ತಿಗೆಯ ಹಣ ಹುಟ್ಟಲು ವರ್ಷಕ್ಕೆ 32 ಲಕ್ಷ ಪತ್ರ ಬೇಕು. ಆ ಷಿಲಿಂಗ್ ಪೂರ್ತಿ ಪೂರ್ವದ ಹಡಗಿಗೇ ಸೇರಿತು ಎಂದುಕೊಂಡರೂ ಇಷ್ಟು. ನಿಜದಲ್ಲಿ ಅದೇ ಷಿಲಿಂಗಿನಲ್ಲಿ ಮೆಡಿಟರೇನಿಯನ್ ಹಡಗಿಗೂ ಈಜಿಪ್ಟಿನ ಸಾಗಣೆಗೂ ಪಾಲು ಹೋಗಬೇಕು.

ಲೆಕ್ಕವನ್ನು ತೂಕದ ಕಡೆಯಿಂದಲೂ ನೋಡಿ. ಅರ್ಧ ಔನ್ಸಿನ 32 ಲಕ್ಷ ಪತ್ರ ಎಂದರೆ ಒಂದು ಲಕ್ಷ ಪೌಂಡು ತೂಕ, ಸುಮಾರು 45 ಟನ್. ವರ್ಷವಿಡೀ ಹೋದ ಪತ್ರಗಳನ್ನು ಒಂದೇ ಹಡಗಿನ ಮೂಲೆಯಲ್ಲಿ ಪೇರಿಸಬಹುದು. ಸರಕಿನ ದೃಷ್ಟಿಯಿಂದ ಪತ್ರಕ್ಕೆ ಏನೂ ಭಾರವಿಲ್ಲ. ಹಾಗಿದ್ದರೆ 1,60,000 ಪೌಂಡು ಯಾತಕ್ಕೆ? ಸರಕಾರ ಕೊಂಡದ್ದು ತಾರೀಖನ್ನು. ಹಡಗಿನಲ್ಲಿ ಸರಕು ತುಂಬಿರಲಿ ಬಿಡಲಿ, ಪ್ರಯಾಣಿಕರು ಬಂದಿರಲಿ ಬಿಡಲಿ, ಗೊತ್ತಾದ ದಿನ ಗೊತ್ತಾದ ಗಂಟೆಗೆ ಲಂಗರು ಎತ್ತಲೇಬೇಕು. ಹೊಟ್ಟೆ ತುಂಬುವವರೆಗೆ ಬಂದರಿನಲ್ಲಿ ಕಾಯುವುದು ವ್ಯಾಪಾರಿ ಹಡಗಿನ ರೂಢಿ. ಆ ರೂಢಿಯನ್ನು ಬಿಡಿಸಲು ಕೊಟ್ಟ ಬೆಲೆಯೇ ಟಪಾಲು ಸಬ್ಸಿಡಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತ ತಿರುಗುತ್ತದೆ.

ಸೂಯೆಜ್ ಮೂಲಕ ಹೋಗುವ ಈ ದಾರಿ ಹುಟ್ಟಿದ್ದು ಮುಂಬಯಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ‘ಹ್ಯೂ ಲಿಂಡ್ಸೆ’ ಎಂಬ 411 ಟನ್ನಿನ ಆಗಬೋಟು, ಅಂದರೆ ಉಗಿಹಡಗು, ಅಲ್ಲಿಯ ಹಡಗುಕಟ್ಟೆಯಲ್ಲಿ, ವಾಡಿಯಾ ಮನೆತನದವರ ಕೈಯಲ್ಲಿ ತಯಾರಾಯಿತು. 1830ರ ಮಾರ್ಚ್ 20ರಂದು ಕಮಾಂಡರ್ ಜಾನ್ ವಿಲ್ಸನ್ ಅದನ್ನು ಸೂಯೆಜ್ ಕಡೆಗೆ ಹೊರಡಿಸಿದ. ಐದೂವರೆ ದಿನದ ಕಲ್ಲಿದ್ದಲಿಗಷ್ಟೇ ಹಡಗಿನಲ್ಲಿ ಜಾಗ. ಕೆಂಪು ಸಮುದ್ರದ ಬಾಯಿಯ ಹತ್ತಿರದ ಏಡನ್ ಬಂದರು ಮುಟ್ಟಲು ಬೇಕಾದದ್ದು ಹನ್ನೊಂದು ದಿನದ್ದು. ಹಾಗಾಗಿ ಸರಕಿನ ಕೋಣೆ ತುಂಬಿ, ಕ್ಯಾಬಿನ್ ತುಂಬಿ, ಮೇಲಟ್ಟದ ಮೇಲೂ ಕಲ್ಲಿದ್ದಲನ್ನು ರಾಶಿ ಹಾಕಿದರು. ಹಡಗು ನೀರಿನಲ್ಲಿ ಎಷ್ಟು ಇಳಿದಿತ್ತೆಂದರೆ ಪಕ್ಕದ ಚಕ್ರಗಳು ತಿರುಗುವುದೇ ಕಷ್ಟವಾಯಿತು. ಹನ್ನೊಂದನೆಯ ದಿನ ಏಡನ್ ತಲುಪಿದಾಗ ಉಳಿದದ್ದು ಆರು ಗಂಟೆಯ ಕಲ್ಲಿದ್ದಲು. ಅಲ್ಲಿಂದ ಮುಂದೆ ಮೋಖಾ, ಜೆಡ್ಡಾ, ಕೊಸೇರ್ ಬಂದರುಗಳಲ್ಲಿ ನಿಂತು ನಿಂತು ಏಪ್ರಿಲ್ 22ಕ್ಕೆ ಸೂಯೆಜ್ ಸೇರಿತು. ಒಟ್ಟು 33 ದಿನ. ಅದರಲ್ಲಿ ಸುಮಾರು 12 ದಿನ ಕಲ್ಲಿದ್ದಲು ತುಂಬುವುದರಲ್ಲೇ ಹೋಯಿತು.

ಸಮುದ್ರದ ಟಪಾಲಿನ ಬಂಡವಾಳ ಎಲ್ಲಿ ಕರಗುತ್ತದೆ ಎಂಬುದನ್ನು ಈ ಮೊದಲ ಪ್ರಯಾಣವೇ ತೋರಿಸಿಬಿಟ್ಟಿತು. ಎಂಜಿನ್ನಿಗೂ ಹಡಗಿನ ಮೈಗೂ ಒಮ್ಮೆ ಹಣ ಹಾಕಿದರೆ ಮುಗಿಯಿತು. ಕಲ್ಲಿದ್ದಲಿಗೆ ಪ್ರತಿ ಮೈಲಿಗೂ ಹಣ ಹಾಕಬೇಕು. ಅದೂ ಇಂಗ್ಲೆಂಡಿನಿಂದ ಹಾಯಿಹಡಗಿನಲ್ಲಿ ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಮುಂಚೆ ಬಂದು ರಾಶಿ ಬಿದ್ದಿರಬೇಕು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಖರ್ಚಿನ ಲೆಕ್ಕ ನೋಡಿ ಮುಖ ಸಿಂಡರಿಸಿದರು. ಪತ್ರಗಳಿಂದ ಬಂದ ಹಣ ಅದರ ಮುಂದೆ ಏನೂ ಅಲ್ಲ. ಆದರೆ ಮುಂಬಯಿ ಸರಕಾರ ಹಟ ಬಿಡಲಿಲ್ಲ. 1839ರ ಜನವರಿ 19ರಂದು ಕಂಪನಿಯ ಪಡೆ ಏಡನ್ನನ್ನು ಹಿಡಿದದ್ದಕ್ಕೆ ಒಂದು ದೊಡ್ಡ ಕಾರಣ ಈ ಕಲ್ಲಿದ್ದಲಿನ ರಾಶಿಯೇ.

ಮುಂಬಯಿ ದಾರಿಗೆ ಇನ್ನೊಂದು ಅಡ್ಡಿ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ನೇರವಾಗಿ ಮೂತಿಗೇ ಹೊಡೆಯುತ್ತದೆ. ಕಡಿಮೆ ಕಸುವಿನ ಎಂಜಿನ್ನಿನ ಹಡಗು ಎದುರುಗಾಳಿಯಲ್ಲಿ ದಿನಕ್ಕೆ ಕ್ರಮಿಸುವ ದೂರ ಅರ್ಧಕ್ಕೆ ಇಳಿದರೆ ಕಲ್ಲಿದ್ದಲಿನ ಖರ್ಚು ದುಪ್ಪಟ್ಟಾಗುತ್ತದೆ. ಏಡನ್ ತಲುಪುವ ಮೊದಲೇ ಬಾಯ್ಲರು ತಣ್ಣಗಾಗುವ ಭಯ. ಮೊದಮೊದಲು ಆ ತಿಂಗಳುಗಳಲ್ಲಿ ಮುಂಬಯಿಯ ಆಗಬೋಟು ಹೊರಡುತ್ತಲೇ ಇರಲಿಲ್ಲ. ಮುಂದೆ ಹಡಗುಗಳು ಬಲಿತ ಮೇಲೂ ಮಳೆಗಾಲಕ್ಕೆಂದು ಗುತ್ತಿಗೆಯಲ್ಲಿ ಹೆಚ್ಚಿನ ದಿನಗಳನ್ನು ಬಿಟ್ಟುಕೊಡಬೇಕಾಯಿತು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗುತ್ತಿಗೆಯ ಕಡೆಗೆ ಬರೋಣ. ಹಡಗುಗಳನ್ನು ಗೊತ್ತುಮಾಡುವ ಕೆಲಸ 1837ರಿಂದ 1860ರವರೆಗೆ ಬ್ರಿಟನ್ನಿನ ನೌಕಾಖಾತೆಯದ್ದು, ಅಂದರೆ ಅಡ್ಮಿರಾಲ್ಟಿಯದ್ದು. ಆಮೇಲೆ ಅಂಚೆ ಇಲಾಖೆಯದ್ದು. ಯುದ್ಧ ಬಂದರೆ ಈ ಆಗಬೋಟುಗಳ ಮೇಲೆ ತೋಪು ಕೂರಿಸಬಹುದು ಎಂಬ ಆಸೆ ನೌಕಾಖಾತೆಗೆ. ಆದ್ದರಿಂದ ಹಡಗಿನ ಮರ ಎಷ್ಟು ದಪ್ಪ, ಅಟ್ಟ ಎಷ್ಟು ಗಟ್ಟಿ ಎಂದು ಅವರ ಅಧಿಕಾರಿಗಳೇ ಬಂದು ನೋಡಿ ಒಪ್ಪಬೇಕಿತ್ತು. ಆ ಗಟ್ಟಿತನದ ಬೆಲೆಯೂ ಟಪಾಲಿನ ಲೆಕ್ಕದಲ್ಲೇ ಸೇರಿಕೊಂಡಿತು. 1853ರಲ್ಲಿ ಲಾರ್ಡ್ ಕ್ಯಾನಿಂಗ್ ಅಧ್ಯಕ್ಷತೆಯ ಸಮಿತಿ ಇದನ್ನು ಎತ್ತಿ ತೋರಿಸಿತು: ಯುದ್ಧದ ಹಡಗು ಬೇರೆ, ಟಪಾಲಿನ ಹಡಗು ಬೇರೆ, ಎರಡನ್ನೂ ಬೆರೆಸಬೇಡಿ ಎಂದಿತು. ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದವನು ಇದೇ ಕ್ಯಾನಿಂಗ್.

ಗುತ್ತಿಗೆ ಪತ್ರದಲ್ಲಿ ಏನೇನಿರುತ್ತಿತ್ತು? ಮುಟ್ಟಬೇಕಾದ ಬಂದರುಗಳು ಮತ್ತು ಒಂದೊಂದರಲ್ಲಿ ನಿಲ್ಲಬಹುದಾದ ಗಂಟೆಗಳು. ಸರಾಸರಿ ವೇಗ, ಶತಮಾನದ ನಡುವಿನಲ್ಲಿ ಅದು 8ರಿಂದ 10 ನಾಟ್, ಅಂದರೆ ಗಂಟೆಗೆ ಅಷ್ಟು ಕಡಲ ಮೈಲಿ. ಎಂಜಿನ್ನಿನ ಕನಿಷ್ಠ ಅಶ್ವಶಕ್ತಿ. ಟಪಾಲಿಗೆ ಬೀಗ ಹಾಕುವ ಒಣಗಿದ ಕೋಣೆ. ಟಪಾಲಿನ ಜತೆ ಹೋಗುವ ನೌಕಾಖಾತೆಯ ಏಜೆಂಟನಿಗೆ ಪುಕ್ಕಟೆ ಕ್ಯಾಬಿನ್, ಅವನು ದಡಕ್ಕೆ ಇಳಿಯಲು ದೋಣಿ ಮತ್ತು ಅಂಬಿಗರು. ತಡವಾಗಿ ಹೊರಟರೆ ದಂಡ, ತಡವಾಗಿ ಮುಟ್ಟಿದರೆ ದಂಡ. ಬಿರುಗಾಳಿಯಂಥ ಕೈಮೀರಿದ ಕಾರಣಕ್ಕೆ ರಿಯಾಯಿತಿ. ಒಪ್ಪಿಗೆಯಿಲ್ಲದೆ ಗುತ್ತಿಗೆಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ.

ಇದರಲ್ಲಿ ವೇಗಕ್ಕಿಂತ ಹೆಚ್ಚು ಖರ್ಚು ತರುವುದು ಹಡಗುಗಳ ಸಂಖ್ಯೆ. ಕಲ್ಕತ್ತಾದಿಂದ ಮದ್ರಾಸು, ಸಿಲೋನಿನ ಗಾಲ್, ಏಡನ್ ಮುಟ್ಟಿ ಸೂಯೆಜ್‌ಗೆ ಸುಮಾರು 4,750 ಕಡಲ ಮೈಲಿ. ಎಂಟೂವರೆ ನಾಟ್ ವೇಗದಲ್ಲಿ ಬರೀ ಓಟಕ್ಕೆ 23 ದಿನ. ಬಂದರುಗಳಲ್ಲಿ ಕಲ್ಲಿದ್ದಲು ಏರಿಸಲು ನಾಲ್ಕೈದು ದಿನ. ಹೋಗಿ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. ಬಂದ ಮೇಲೆ ಬಾಯ್ಲರಿನಲ್ಲಿ ಕಟ್ಟಿದ ಉಪ್ಪಿನ ಪದರವನ್ನು ಕೆರೆದು ತೆಗೆಯಬೇಕು, ಚಕ್ರದ ಹಲಗೆಗಳನ್ನು ಬದಲಿಸಬೇಕು. ಹೀಗೆ ತಿಂಗಳಿಗೊಂದು ಹಡಗು ಹೊರಡಬೇಕೆಂದರೆ ಕನಿಷ್ಠ ಮೂರು ಹಡಗು ಬೇಕು. ಒಂದು ಕೆಟ್ಟರೆ ಇರಲೆಂದು ನಾಲ್ಕನೆಯದು ಕೈಯಲ್ಲಿದ್ದರೆ ಇನ್ನೂ ಕ್ಷೇಮ. ಪಿ ಅಂಡ್ ಓ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: 1842ರ ಸೆಪ್ಟೆಂಬರ್ 24ರಂದು ಸೌತಾಂಪ್ಟನ್ನಿನಿಂದ ಹೊರಟ ‘ಹಿಂದೋಸ್ತಾನ್’, ಮಾರನೆಯ ವರ್ಷ ‘ಬೆಂಟಿಂಕ್’, ಆಮೇಲೆ ಎದುರಾಳಿಗಳು ಕಟ್ಟಿಸಿದ್ದ ‘ಪ್ರಿಕರ್ಸರ್’ ಹಡಗನ್ನು ಕೊಂಡುಕೊಂಡದ್ದು.

ವರ್ಷಕ್ಕೆ ಹನ್ನೆರಡು ಸಲ ಹೋಗಿ ಬಂದರೆ 1,14,000 ಮೈಲಿ. ಗುತ್ತಿಗೆಯ ಹಣ 1,15,000 ಪೌಂಡು. ಮೈಲಿಗೆ ಹತ್ತಿರಹತ್ತಿರ ಒಂದು ಪೌಂಡು ಬಿತ್ತು. ಟಪಾಲು ಗುತ್ತಿಗೆಗಳನ್ನು ಹೋಲಿಸುವವರು ಒಟ್ಟು ಮೊತ್ತವನ್ನು ಬದಿಗಿಟ್ಟು ಹೀಗೆ ಮೈಲಿಗೆ ಎಷ್ಟು ಎಂದೇ ನೋಡಬೇಕು. ಮೊತ್ತ ಕಣ್ಣು ಕಟ್ಟುತ್ತದೆ.

ಆ ಕಣ್ಣಿನಿಂದ ಮುಂಬಯಿ ದಾರಿಯನ್ನು ನೋಡಿ. ಸೂಯೆಜ್–ಮುಂಬಯಿ ನಡುವಿನ ಓಟವನ್ನು ಈಸ್ಟ್ ಇಂಡಿಯಾ ಕಂಪನಿ ಬಹಳ ಕಾಲ ತನ್ನ ನೌಕಾದಳದ ಕೈಯಲ್ಲೇ ಇಟ್ಟುಕೊಂಡಿತು. ಅದರ ಖರ್ಚು ವರ್ಷಕ್ಕೆ ಲಕ್ಷ ಪೌಂಡು ಮೀರುತ್ತಿತ್ತು, ಹಡಗುಗಳು ಕೆಟ್ಟು ನಿಲ್ಲುತ್ತಿದ್ದವು, ತಾರೀಖು ತಪ್ಪುತ್ತಿತ್ತು. 1854ರಲ್ಲಿ ಪಿ ಅಂಡ್ ಓ ಅದೇ ಓಟವನ್ನು ವರ್ಷಕ್ಕೆ 24,700 ಪೌಂಡಿಗೆ ಒಪ್ಪಿಕೊಂಡಿತು. ಮೈಲಿಗೆ 6 ಷಿಲಿಂಗ್ 2 ಪೆನ್ನಿ. ಹತ್ತು ವರ್ಷದ ಹಿಂದೆ ಕಲ್ಕತ್ತಾ ದಾರಿಗೆ 20 ಷಿಲಿಂಗ್ ಕೇಳಿದ್ದ ಕಂಪನಿಯೇ ಇದು. ಬೆಲೆ ಇಷ್ಟು ಇಳಿದದ್ದಕ್ಕೆ ಧರ್ಮಬುದ್ಧಿ ಕಾರಣವಲ್ಲ. ಏಡನ್ನಿನಲ್ಲಿ ಅವರ ಕಲ್ಲಿದ್ದಲು ಆಗಲೇ ರಾಶಿ ಬಿದ್ದಿತ್ತು. ಸೂಯೆಜ್‌ನಲ್ಲಿ ಅವರ ನೌಕರರಿದ್ದರು. ಹಡಗುಗಳೂ ನಾವಿಕರೂ ಆ ಸಮುದ್ರದಲ್ಲೇ ಇದ್ದರು. ಪ್ರಯಾಣಿಕರ ಟಿಕೆಟ್ಟು, ರೇಷ್ಮೆ, ಚಿನ್ನ-ಬೆಳ್ಳಿ ನಾಣ್ಯ, ಚೀನಾ ಕಡೆಗೆ ಅಫೀಮು: ತೂಕ ಕಡಿಮೆ, ಬಾಡಿಗೆ ಹೆಚ್ಚು ತರುವ ಸರಕು ಕೈಯಲ್ಲಿತ್ತು. ಮೊದಲ ಗುತ್ತಿಗೆಯ ಸಬ್ಸಿಡಿ ಒಂದು ವ್ಯವಸ್ಥೆಯನ್ನೇ ಕಟ್ಟಿಕೊಟ್ಟಿತ್ತು; ಎರಡನೆಯ ಗುತ್ತಿಗೆ ಅದರ ಹೆಗಲ ಮೇಲೆ ಕೂತಿತು. ಹೊಸಬನೊಬ್ಬ ಟೆಂಡರಿಗೆ ಬಂದರೆ ಈ ದರಕ್ಕೆ ನಿಲ್ಲಲು ಸಾಧ್ಯವೇ ಇರಲಿಲ್ಲ.

ಹೊಸಬ ಬಂದಾಗ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. ಕ್ರಿಮಿಯಾ ಯುದ್ಧಕ್ಕೆ ಹಡಗುಗಳು ಬೇಕಾಗಿ ಪಿ ಅಂಡ್ ಓ ಆಸ್ಟ್ರೇಲಿಯಾದ ಓಟವನ್ನು ನಿಲ್ಲಿಸಿತ್ತು. 1856ರಲ್ಲಿ ಆ ಗುತ್ತಿಗೆ ಯುರೋಪಿಯನ್ ಅಂಡ್ ಆಸ್ಟ್ರೇಲಿಯನ್ ಎಂಬ ಹೊಸ ಕಂಪನಿಗೆ ಹೋಯಿತು, ವರ್ಷಕ್ಕೆ 1,85,000 ಪೌಂಡಿಗೆ. ದಿನಗಳ ಭರವಸೆ ಬಿಗಿಯಾಗಿತ್ತು, ಸ್ವಂತ ಹಡಗುಗಳು ಸಾಲದೆ ಅಲ್ಲಿ ಇಲ್ಲಿ ಬಾಡಿಗೆಗೆ ತಂದರು. ದೂರದ ದಾರಿಯಲ್ಲಿ ಒಂದು ಹಡಗು ಕೆಟ್ಟರೆ ಅದರ ಬದಲಿಗೆ ನಿಲ್ಲಬೇಕಾದ ಹಡಗು ಸಾವಿರಾರು ಮೈಲಿ ಆಚೆ ಇರುತ್ತದೆ. ಒಂದು ತಿಂಗಳ ತಡ ಮುಂದಿನ ತಿಂಗಳಿಗೂ ಹರಡುತ್ತದೆ. ದಂಡ ಸಬ್ಸಿಡಿಯನ್ನು ತಿನ್ನುತ್ತದೆ. ಸಬ್ಸಿಡಿ ಇಲ್ಲದೆ ಕಲ್ಲಿದ್ದಲು ಕೊಳ್ಳಲು ಹಣವಿಲ್ಲ. 1858ರ ಹೊತ್ತಿಗೆ ಕಂಪನಿ ಮುಳುಗಿತು. 1859ರಲ್ಲಿ ಗುತ್ತಿಗೆ ತಿರುಗಿ ಪಿ ಅಂಡ್ ಓ ಬಾಗಿಲಿಗೇ ಬಂತು.

ನಿಮ್ಮ ಲಕೋಟೆಯ ಮೇಲಿನ ‘ವಯಾ ಮಾರ್ಸೇಲ್ಸ್’ ಈಗ ನೋಡೋಣ. ಆ ಕಾಲದಲ್ಲಿ ಸೂಯೆಜ್ ಕಾಲುವೆ ಇಲ್ಲ. ಹಡಗು ಸೂಯೆಜ್‌ನಲ್ಲಿ ನಿಲ್ಲುತ್ತದೆ. ಟಪಾಲಿನ ಪೆಟ್ಟಿಗೆಗಳು ಒಂಟೆಯ ಬೆನ್ನೇರಿ 84 ಮೈಲಿ ಮರಳುಗಾಡು ದಾಟಿ ಕೈರೋಕ್ಕೆ ಬರುತ್ತವೆ. ಪ್ರಯಾಣಿಕರಿಗೆ ಎರಡು ಚಕ್ರದ ಬಂಡಿ. ಒಂದಕ್ಕೆ ಆರು ಜನ. ದಾರಿಯುದ್ದಕ್ಕೂ ಕಟ್ಟೆಗಳಲ್ಲಿ ಕುದುರೆ, ಹೇಸರಗತ್ತೆ ಬದಲಿಸುತ್ತ ಹೋಗಬೇಕು. ಕೈರೋದಿಂದ ನೈಲ್ ನದಿಯಲ್ಲಿ ಸಣ್ಣ ಆಗಬೋಟು, ಅತ್ಫೆಯಿಂದ ಮಹಮೂದಿಯಾ ಕಾಲುವೆಯಲ್ಲಿ ದೋಣಿ, ಕೊನೆಗೆ ಅಲೆಕ್ಸಾಂಡ್ರಿಯಾ. ಒಂದು ಹಡಗಿನ ಪೂರ್ತಿ ಸರಕು ದಾಟಿಸಲು 3,000ಕ್ಕೂ ಹೆಚ್ಚು ಒಂಟೆ ಬೇಕಾಗುತ್ತಿದ್ದವು. ಅಲೆಕ್ಸಾಂಡ್ರಿಯಾ–ಕೈರೋ ರೈಲು 1856ರಲ್ಲಿ, ಕೈರೋ–ಸೂಯೆಜ್ ರೈಲು 1858ರಲ್ಲಿ ಬಂತು. ನಿಮ್ಮ ಪತ್ರ ಅದಕ್ಕಿಂತ ಮುಂಚಿನದಾದರೆ ಒಂಟೆ ಕಂಡಿರುವುದು ಖಂಡಿತ.

ಅಲೆಕ್ಸಾಂಡ್ರಿಯಾದಲ್ಲಿ ಟಪಾಲು ಎರಡಾಗಿ ಒಡೆಯುತ್ತದೆ. ಅಗ್ಗದ ಪತ್ರ, ಪತ್ರಿಕೆ, ಪುಸ್ತಕ ಎಲ್ಲ ಜಿಬ್ರಾಲ್ಟರ್ ಸುತ್ತಿ ಸೌತಾಂಪ್ಟನ್ನಿಗೆ. ಅವಸರದ ಪತ್ರ ಮಾಲ್ಟಾ ಮುಟ್ಟಿ ಮಾರ್ಸೇಲ್ಸ್‌ಗೆ, ಅಲ್ಲಿಂದ ಫ್ರಾನ್ಸ್ ನೆಲದ ಮೇಲೆ ಮೊಹರು ಹಾಕಿದ ಪೆಟ್ಟಿಗೆಗಳಲ್ಲಿ ಲಂಡನ್ನಿಗೆ. ಹಲವು ದಿನ ಉಳಿಯುತ್ತದೆ. ಆದರೆ ಫ್ರೆಂಚ್ ಸರಕಾರ ತೂಕದ ಮೇಲೆ ಹಾದಿಸುಂಕ ತೆಗೆದುಕೊಳ್ಳುತ್ತಿತ್ತು. ಆದ್ದರಿಂದ ಮಾರ್ಸೇಲ್ಸ್ ದಾರಿಯ ದರವನ್ನು ಅರ್ಧ ಔನ್ಸಿನ ಬದಲು ಕಾಲು ಔನ್ಸಿನ ಲೆಕ್ಕದಲ್ಲಿ ಹಿಡಿದರು. ಸುಮಾರು ಏಳು ಗ್ರಾಂ. ಜನ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ ಹುಡುಕಿದ್ದು, ಒಂದೇ ಹಾಳೆಯಲ್ಲಿ ಅಡ್ಡಡ್ಡ ಬರೆದು ಮತ್ತೆ ಉದ್ದುದ್ದ ಬರೆದದ್ದು ಈ ಏಳು ಗ್ರಾಮಿನ ಕಾರಣಕ್ಕೆ. ನಿಮ್ಮ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಅಕ್ಷರ ಈಚೆಗೆ ಕಾಣುವಷ್ಟು ತೆಳುವಾಗಿದ್ದರೆ ಬರೆದವರು ದರಪಟ್ಟಿ ಬಲ್ಲವರು.

ಹೀಗೆ ಹಡಗು, ಒಂಟೆ, ದೋಣಿ, ರೈಲು ಎಂದು ಕೊಂಡಿಗೆ ಕೊಂಡಿ ಹಾಕಿದ ಸರಪಳಿಯಲ್ಲಿ ಅಪಾಯವಿರುವುದು ಕೊಂಡಿಗಳಲ್ಲೇ. ಸಿಲೋನಿನ ಗಾಲ್ ಬಂದರನ್ನೇ ತೆಗೆದುಕೊಳ್ಳಿ. ಕಲ್ಕತ್ತಾ, ಚೀನಾ, ಆಸ್ಟ್ರೇಲಿಯಾ ಕಡೆಯ ಹಡಗುಗಳು ಅಲ್ಲಿ ಸೇರಿ ಪೆಟ್ಟಿಗೆ ಬದಲಿಸಿಕೊಳ್ಳುತ್ತಿದ್ದವು. ಒಂದು ಬರುವವರೆಗೆ ಉಳಿದವು ಕಾಯಬೇಕು. ಎಷ್ಟು ಗಂಟೆ ಕಾಯಬೇಕು ಎಂಬುದು ಗುತ್ತಿಗೆಯಲ್ಲಿ ಅತ್ಯಂತ ನಾಜೂಕಿನ ಷರತ್ತು: ಕಾದರೆ ಎಲ್ಲರಿಗೂ ತಡ, ಕಾಯದಿದ್ದರೆ ಒಂದು ದೇಶದ ಟಪಾಲು ಪೂರ್ತಿ ಒಂದು ಸುತ್ತು ಹಿಂದೆ ಬೀಳುತ್ತದೆ. ಜತೆಗೆ ಗಾಲ್ ಬಂದರಿನ ಬಾಯಲ್ಲಿ ಬಂಡೆಗಳು. 1871ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಟಪಾಲು ಹೊತ್ತ ‘ರಂಗೂನ್’ ಹಡಗು ಬಂದರಿನಿಂದ ಹೊರಬೀಳುತ್ತಲೇ ಬಂಡೆಗೆ ತಾಗಿ ಮುಳುಗಿತು. ಕೊಲಂಬೊದಲ್ಲಿ ಅಲೆತಡೆ ಗೋಡೆ ಕಟ್ಟಿದ ಮೇಲೆ, 1880ರ ದಶಕದಲ್ಲಿ, ಹಡಗುಗಳು ಗಾಲನ್ನು ಬಿಟ್ಟವು.

ನಮ್ಮ ನಾಡಿನ ಹೆಸರು ಹೊತ್ತ ‘ಕರ್ನಾಟಿಕ್’ ಹಡಗಿನ ಕಥೆ ಇದಕ್ಕಿಂತ ನೋವಿನದು. 1869ರ ಸೆಪ್ಟೆಂಬರಿನಲ್ಲಿ ಸೂಯೆಜ್‌ನಿಂದ ಮುಂಬಯಿಗೆ ಟಪಾಲು, ಪ್ರಯಾಣಿಕರು, 40,000 ಪೌಂಡಿನ ನಾಣ್ಯ ಹೊತ್ತು ಹೊರಟು ಕೆಂಪು ಸಮುದ್ರದ ಅಬು ನುಹಾಸ್ ಹವಳದಿಬ್ಬಕ್ಕೆ ರಾತ್ರಿ ಹತ್ತಿ ಕೂತಿತು. ಹಡಗು ಮೊದಲು ಗಟ್ಟಿಯಾಗಿಯೇ ಕಂಡಿತು. ಅದೇ ಕಂಪನಿಯ ‘ಸುಮಾತ್ರ’ ಆ ದಾರಿಯಲ್ಲಿ ಬರುವುದಿತ್ತು. ಅದು ಬಂದೇ ಬರುತ್ತದೆಂದು ಕಪ್ತಾನ ಪ್ರಯಾಣಿಕರನ್ನು ದೋಣಿಗೆ ಇಳಿಸದೆ ಕಾದ. ಕಂಪನಿಯ ತಾರೀಖಿನ ಮೇಲೆ ಅವನಿಗಿದ್ದ ನಂಬಿಕೆ ಅಷ್ಟು. ಮಾರನೆಯ ದಿನವೂ ಕಳೆದು, ಮೂರನೆಯ ದಿನ ಬೆಳಗ್ಗೆ ಜನರನ್ನು ಇಳಿಸಲು ತೊಡಗುವಷ್ಟರಲ್ಲಿ ಹಡಗು ಎರಡು ಹೋಳಾಯಿತು. 31 ಜನ ಸತ್ತರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ: ಉಳಿದ ಹಣ ಯಾರದು? 1845ರ ಗುತ್ತಿಗೆಯ 1,60,000 ಪೌಂಡಿನಲ್ಲಿ 70,000 ಪೌಂಡು ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ಕಂಪನಿಯ ಹಣ ಎಂದರೆ ಭಾರತದ ಕಂದಾಯ, ರೈತ ಕಟ್ಟಿದ ಭೂಕಂದಾಯ ಮತ್ತು ಉಪ್ಪಿನ ಸುಂಕ. ಉಳಿದದ್ದು ಬ್ರಿಟನ್ನಿನ ಖಜಾನೆಯದು. 1850ರ ದಶಕದಿಂದ ಲಂಡನ್ನಿನ ಖಜಾನೆ ಒಂದು ಸೂತ್ರ ಹಿಡಿಯಿತು: ವಸಾಹತಿಗೆ ಹೋಗುವ ಟಪಾಲಿನ ಖರ್ಚಿನಲ್ಲಿ ಅರ್ಧ ನಮ್ಮದು, ಅರ್ಧ ವಸಾಹತಿನದು. ಕೇಳಲು ನ್ಯಾಯವೆಂದೇ ತೋರುತ್ತದೆ. ಆದರೆ ಅರ್ಧ ಕೊಡುವವನಿಗೆ ಅರ್ಧ ಮಾತೂ ಇತ್ತೇ ಎಂದು ಕೇಳಬೇಕು.

ಆಸ್ಟ್ರೇಲಿಯಾದ ವಸಾಹತುಗಳಿಗೆ ಸ್ವಂತ ಶಾಸನಸಭೆಗಳಿದ್ದವು. ಅವು ಜಗಳವಾಡಿದವು, ಬೇರೆ ದಾರಿ ಹಿಡಿದವು. ನ್ಯೂ ಸೌತ್ ವೇಲ್ಸ್ ನ್ಯೂಜಿಲೆಂಡಿನ ಜತೆ ಸೇರಿ ಶಾಂತಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಮೂಲಕ ಟಪಾಲು ಕಳಿಸಿತು. ಕ್ವೀನ್ಸ್‌ಲೆಂಡ್ ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಗೆ ವರ್ಷಕ್ಕೆ 55,000 ಪೌಂಡು ಕೊಟ್ಟು ಟಾರೆಸ್ ಜಲಸಂಧಿಯ ದಾರಿ ತೆರೆಸಿತು. ವಿಕ್ಟೋರಿಯಾ 1880ರಲ್ಲಿ ನೇರವಾಗಿ ಪಿ ಅಂಡ್ ಓ ಜತೆ ಕೂತು ತನ್ನ ಗುತ್ತಿಗೆ ತಾನೇ ಮಾಡಿಕೊಂಡಿತು. ತನ್ನ ಬಂದರು ಮೊದಲು ಬರಬೇಕು, ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಹೇಳುವ ಬಾಯಿ ಅವಕ್ಕಿತ್ತು. ಭಾರತಕ್ಕೆ ಆ ಬಾಯಿ ಇರಲಿಲ್ಲ. ಲಂಡನ್ನಿನಲ್ಲಿ ಖಜಾನೆಯೂ ಭಾರತದ ಆಡಳಿತ ನೋಡುವ ಇಂಡಿಯಾ ಆಫೀಸೂ ಕೂತು ಪಾಲು ಗೊತ್ತುಮಾಡಿದರೆ ಇಲ್ಲಿಯ ಲೆಕ್ಕದಲ್ಲಿ ಅದು ಖರ್ಚು ಬೀಳುತ್ತಿತ್ತು. ಅದೂ ಪೌಂಡಿನಲ್ಲಿ. 1870ರ ಆಸುಪಾಸಿನಲ್ಲಿ 10 ರೂಪಾಯಿಗೆ ಸಿಗುತ್ತಿದ್ದ ಪೌಂಡು ಬೆಳ್ಳಿಯ ಬೆಲೆ ಕುಸಿದು 1890ರ ದಶಕದ ನಡುವಿಗೆ 16 ರೂಪಾಯಿ ದಾಟಿತು. ಸಬ್ಸಿಡಿಯ ಅಂಕಿ ಇಳಿದ ವರ್ಷಗಳಲ್ಲೂ ಭಾರತ ಕೊಡುವ ರೂಪಾಯಿ ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ. ವಿಲಾಯತಿಗೆ ಪತ್ರ ಬರೆಯುತ್ತಿದ್ದವರು ಅಧಿಕಾರಿಗಳು, ಸೈನಿಕರು, ವ್ಯಾಪಾರಿಗಳು, ಮಿಷನರಿಗಳು. ದುಡ್ಡು ಕೊಟ್ಟವರಲ್ಲಿ ಬಹಳ ಮಂದಿ ಜೀವಮಾನದಲ್ಲಿ ಒಂದು ವಿಲಾಯತಿ ಪತ್ರ ಕಂಡವರಲ್ಲ. ಈ ವಿಷಯದಲ್ಲಿ ಮರೆಯಬಾರದ ಸಂಗತಿ ಇದೇ ಎಂದು ನಮ್ಮ ಅಭಿಪ್ರಾಯ.

1867ರ ಗುತ್ತಿಗೆ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿತು. ವರ್ಷಕ್ಕೆ 4 ಲಕ್ಷ ಪೌಂಡು. ಕಂಪನಿ ತನ್ನ ಷೇರುದಾರರಿಗೆ ಶೇಕಡ 8ರ ಲಾಭಾಂಶ ಕೊಡಲಾಗದಿದ್ದರೆ ಸರಕಾರ ಇನ್ನೂ 1 ಲಕ್ಷದವರೆಗೆ ತುಂಬಿಕೊಡಬೇಕು. ಶೇಕಡ 8 ಮೀರಿದರೆ ಹೆಚ್ಚಿದ್ದರಲ್ಲಿ ಕಾಲುಭಾಗ ಸರಕಾರಕ್ಕೆ. ನಮ್ಮಲ್ಲಿ ರೈಲು ಕಂಪನಿಗಳಿಗೆ ಬಡ್ಡಿಯ ಖಾತರಿ ಕೊಟ್ಟರಲ್ಲ, ಅದೇ ಜಾಡು. ಇಂಥ ಷರತ್ತು ಕೆಡುವುದು ಎಲ್ಲಿ ಎಂದರೆ, ಲಾಭಾಂಶ ಶೇಕಡ 8ರ ಕೆಳಗಿರುವಾಗ ಖರ್ಚು ಉಳಿಸಿದರೆ ಕಂಪನಿಗೆ ಸಿಗುವುದು ಏನೂ ಇಲ್ಲ, ಕಳೆದರೆ ಹೋಗುವುದೂ ಇಲ್ಲ. ವರ್ಷವರ್ಷವೂ ಕಂಪನಿಯ ಲೆಕ್ಕಪುಸ್ತಕವನ್ನು ಸರಕಾರದವರು ಕೆದಕಬೇಕು. ಮೂರೇ ವರ್ಷದಲ್ಲಿ ಇದನ್ನು ಕೈಬಿಟ್ಟು 1870ರಲ್ಲಿ ವರ್ಷಕ್ಕೆ 4,50,000 ಪೌಂಡು ಎಂದು ಖಾಯಂ ಮಾಡಿದರು.

ಅಷ್ಟರಲ್ಲಿ 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಟಪಾಲು ತಕ್ಷಣ ಕಾಲುವೆಯಲ್ಲಿ ಹೋಯಿತು ಎಂದು ಬಹಳ ಜನ ತಿಳಿಯುತ್ತಾರೆ. ಹೋಗಲಿಲ್ಲ. ಗುತ್ತಿಗೆಯ ಪ್ರಕಾರ ಟಪಾಲು ಈಜಿಪ್ಟಿನ ರೈಲಿನಲ್ಲೇ ದಾಟಬೇಕು; ಕಾಲುವೆಯಲ್ಲಿ ಹಡಗು ನಿಧಾನ, ಎಲ್ಲಾದರೂ ಮರಳಿಗೆ ಹತ್ತಿ ಕೂತರೆ ತಾರೀಖು ಹೋಯಿತು ಎಂದು ಅಂಚೆ ಇಲಾಖೆ ಪಟ್ಟು ಹಿಡಿಯಿತು. ಎರಡು ಸಮುದ್ರಕ್ಕೆ ಎರಡು ಬೇರೆ ಬೇರೆ ಹಡಗುಪಡೆ ಇಟ್ಟಿದ್ದ ಪಿ ಅಂಡ್ ಓ, ಕಾಲುವೆಯಲ್ಲಿ ನೇರ ಬರುವ ಎದುರಾಳಿಗಳ ಮುಂದೆ ಸೊರಗಿತು. ಟಪಾಲು ಇಳಿಸಿದ ಹಡಗು ಕಾಲುವೆ ದಾಟಿ, ಟಪಾಲು ರೈಲಿನಲ್ಲಿ ಬಂದು ಅದೇ ಹಡಗನ್ನು ಮತ್ತೆ ಹತ್ತುವ ಸ್ಥಿತಿ ಬಂತು. 1874ರಲ್ಲಿ ವರ್ಷಕ್ಕೆ 20,000 ಪೌಂಡು ಬಿಟ್ಟುಕೊಟ್ಟ ಮೇಲೆ ಭಾರದ ಟಪಾಲಿಗೆ ಕಾಲುವೆಯ ಅನುಮತಿ ಸಿಕ್ಕಿತು. ಇಟಲಿಯ ಬ್ರಿಂಡಿಸಿ ಬಂದರಿನ ಮೂಲಕ ಬರುತ್ತಿದ್ದ ಅವಸರದ ಟಪಾಲು 1888ರವರೆಗೂ ಈಜಿಪ್ಟಿನ ರೈಲನ್ನೇ ಹತ್ತಿತು.

1868ರಿಂದ ಭಾರತದ ಎಲ್ಲ ವಿಲಾಯತಿ ಟಪಾಲಿಗೂ ಮುಂಬಯಿಯೇ ಬಾಗಿಲು, ವಾರಕ್ಕೊಂದು ಹಡಗು. ಮುಂಬಯಿಯಲ್ಲಿ ಇಳಿಸಿದ ಮೇಲೆ ವಿಂಗಡಿಸಿದರೆ ಒಂದು ದಿನ ಹಾಳು. ಆದ್ದರಿಂದ ಅದೇ ವರ್ಷ ಹಡಗಿನಲ್ಲೇ ‘ಸೀ ಪೋಸ್ಟ್ ಆಫೀಸ್’ ತೆರೆದರು. ಗುಮಾಸ್ತರು ಕೆಂಪು ಸಮುದ್ರದ ಸೆಖೆಯಲ್ಲಿ, ತೂಗಾಡುವ ಕೋಣೆಯಲ್ಲಿ ನಿಂತು ಊರೂರಿಗೆ ಚೀಲ ಕಟ್ಟುತ್ತಿದ್ದರು. ಹಡಗು ಮುಂಬಯಿ ಮುಟ್ಟುವಾಗ ಚೀಲಗಳು ನೇರ ರೈಲಿಗೆ. 1914ರ ಯುದ್ಧದವರೆಗೆ ಇದು ನಡೆಯಿತು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದ್ರಾಸು ಕಡೆಯ ರೈಲು ದಾರಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ದಕ್ಷಿಣದ ವಿಲಾಯತಿ ಟಪಾಲು ರಾಯಚೂರು ಹಾದು ಬಂತು; ಬೆಂಗಳೂರಿನದು ಅರಕ್ಕೋಣಂ, ಜೋಲಾರಪೇಟೆ ಸುತ್ತಿ ದಂಡಿನ ನಿಲ್ದಾಣಕ್ಕೆ.

ನಿಮ್ಮ ಪತ್ರಕ್ಕೆ ಆ ರೈಲಿನ ಭಾಗ್ಯ ಇರಲಿಲ್ಲ. ಆ ದಶಕದಲ್ಲಿ ಬೆಂಗಳೂರಿನವರಿಗೆ ಎರಡು ದಾರಿ: ಮದ್ರಾಸಿಗೆ ಕಳಿಸಿ ಕಲ್ಕತ್ತಾದಿಂದ ಬರುವ ಹಡಗಿಗೆ, ಅಥವಾ ಅಂಚೆ ಓಟಗಾರರ ಹೆಗಲ ಮೇಲೆ ಮುಂಬಯಿಗೆ. ಯಾವುದೆಂದು ತಿಳಿಯಲು ಲಕೋಟೆಯ ಹಿಂಬದಿ ನೋಡಿ. ಮುಂಬಯಿಯ ಮುದ್ರೆಯೋ ಮದ್ರಾಸಿನ ಮುದ್ರೆಯೋ ಇದ್ದೇ ಇರುತ್ತದೆ. ‘ಇಂಡಿಯಾ ಪೇಯ್ಡ್’ ಎಂಬ ಮುದ್ರೆಯಿದ್ದರೆ ಅಂಚೆ ದರವನ್ನು ಇಲ್ಲೇ ಕಟ್ಟಿದ್ದಾರೆ. ಅದಿಲ್ಲದೆ ಮುಂಬದಿಯಲ್ಲಿ ಶಾಯಿಯಿಂದ ದಪ್ಪ ಅಂಕಿ ಗೀಚಿದ್ದರೆ ಅದು ಲಂಡನ್ನಿನಲ್ಲಿ ಪತ್ರ ಪಡೆದವರಿಂದ ವಸೂಲು ಮಾಡಬೇಕಾದ ಷಿಲಿಂಗ್-ಪೆನ್ನಿ. ಆಮೇಲೆ ಬೆಂಗಳೂರಿನ ಮುದ್ರೆಗೂ ಲಂಡನ್ನಿನ ಮುದ್ರೆಗೂ ನಡುವಿನ ದಿನ ಎಣಿಸಿ. ಮಾರ್ಸೇಲ್ಸ್ ದಾರಿಯಲ್ಲಿ 40 ದಿನದ ಆಸುಪಾಸು ಬಂದರೆ ಎಲ್ಲ ಕೊಂಡಿಗಳೂ ಸರಿಯಾಗಿ ಕೂಡಿವೆ. ಎರಡು ವಾರ ಹೆಚ್ಚಾಗಿದ್ದರೆ ಪತ್ರ ಬಂದರು ಮುಟ್ಟುವಷ್ಟರಲ್ಲಿ ಹಡಗು ಹೊರಟುಹೋಗಿತ್ತು, ಮುಂದಿನ ಹಡಗಿನವರೆಗೆ ಅಂಚೆ ಕಚೇರಿಯ ಪೆಟ್ಟಿಗೆಯಲ್ಲೇ ಬಿದ್ದಿತ್ತು ಎಂದು ತಿಳಿಯಿರಿ.